ಅಣಬೆ ಪೆಟ್ಟಿಗೆಯ ಮಿಸ್

ಮಿಸ್ ಕತ್ತು ತಿರುಗಿಸಿ ನೋಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಪಾದಗಳನ್ನು ಚೂರುಚೂರೇ ಸರಿಸುತ್ತ ಇಡೀ ಮೈಯನ್ನು ತಿರುಗಿಸುತ್ತಿದ್ದರು. ಮಧುಗಿರಿಯಲ್ಲಿ ಬೆಟ್ಟದ ಕೆಳಗಿನ ನಮ್ಮ ಬೀದಿಗೆ ನಾವು ಬಂದ ಹೊಸದರಲ್ಲಿ ನನಗದು ಗತ್ತು ಅನ್ನಿಸಿತ್ತು. ರಿಟೈರಾದ ಹೈಸ್ಕೂಲ್ ಟೀಚರ್, ಒಂಟಿ ಹೆಂಗಸು, ಇಷ್ಟು ಗತ್ತು ಇರಬೇಕಾದ್ದೇ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಕಾಂಪೌಂಡಿನ ಮೇಲಿಂದ ಕರಿಬೇವು ಕೊಡುವಾಗ ಅವರು ಎಟಕಿಸಿಕೊಳ್ಳಲಾಗದೆ ಹಾಗೇ ನಿಂತರು. "ನೀನೇ ಬಗ್ಗಬೇಕಮ್ಮಾಯಿ. ನನ್ನ ಬೆನ್ನಲ್ಲಿ ಸಿಮೆಂಟ್ ಹಾಕಿದಾರೆ" ಅಂದರು. ನಕ್ಕರು. ನಗುವಾಗ ಸೆರಗಿನ ಅಂಚು ತಾನಾಗಿಯೇ ಬಾಯಿಯ ಮೇಲೆ ಬಂತು.

ಆ ಸೆರಗಿನ ಹಿಂದೆ ಏನಿದೆ ಅಂತ ನನಗೆ ತಿಳಿದದ್ದು ಬಹಳ ದಿನದ ಮೇಲೆ. ಹಲ್ಲಿನ ಅಡ್ಡಕ್ಕೆ ಕಂದು ಗೆರೆಗಳು, ಯಾರೋ ಪೆನ್ಸಿಲಿನಲ್ಲಿ ರೂಲು ಎಳೆದ ಹಾಗೆ. ಅವರು ಹುಟ್ಟಿ ಬೆಳೆದದ್ದು ಪಾವಗಡದ ಆಚೆ, ಆಂಧ್ರದ ಗಡಿಗೆ ತಾಗಿದ ಒಂದು ಊರು. ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದೇ ದೊಡ್ಡವರಾದವರು. ಅವರ ತಾಯಿ ಕೊನೆಯ ವರ್ಷಗಳಲ್ಲಿ ಎಷ್ಟು ಬಾಗಿದ್ದರೆಂದರೆ ಆಕಾಶ ನೋಡಬೇಕಾದರೆ ಚಾಪೆಯ ಮೇಲೆ ಒರಗಿಸಬೇಕಿತ್ತಂತೆ. ಸತ್ತ ಮೇಲೂ ಮೈ ನೇರವಾಗಲಿಲ್ಲ. ಇದನ್ನು ಹೇಳುವಾಗ ಮಿಸ್ ಅಳಲಿಲ್ಲ, ಬೀನ್ಸಿನ ನಾರು ಬಿಡಿಸುತ್ತಿದ್ದರು. ಒಂದು ನಾರೂ ಮಧ್ಯದಲ್ಲಿ ತುಂಡಾಗಲಿಲ್ಲ.

ಬೀದಿಯವರೆಲ್ಲ ಅವರನ್ನು ಟೀಚರಮ್ಮ ಅನ್ನುತ್ತಿದ್ದರು. ಕಾನ್ವೆಂಟಿನ ಅಭ್ಯಾಸಕ್ಕೆ ನನ್ನ ಬಾಯಲ್ಲಿ ಮಾತ್ರ ಮಿಸ್ ಅಂತಲೇ ಬರುತ್ತಿತ್ತು. ಅವರಿಗೆ ಅದು ತಮಾಷೆ. "ನಿಮ್ಮ ಸಿಸ್ಟರ್‌ಗಳು ನಿಂಗೆ ಥ್ಯಾಂಕ್ಯೂ ಹೇಳಿಕೊಟ್ರು, ಸಾರಿ ಹೇಳಿಕೊಟ್ರು. ನೋಡಿದ್ದನ್ನ ನೋಡಿದೆ ಅಂತ ಹೇಳೋದು ಹೇಳಿಕೊಡಲಿಲ್ಲ" ಅನ್ನುತ್ತಿದ್ದರು. ನಾನು ನಗುತ್ತಿದ್ದೆ.

ಅವರದೊಂದು ಪ್ರಶ್ನೆ ಇತ್ತು. ಸಾರು ಕುದಿಸಿದರೂ, ತುಪ್ಪ ಕಾಯಿಸಿದರೂ, ಕಸ ಸುಟ್ಟರೂ ಅದೇ ಪ್ರಶ್ನೆ: "ಉಳಿದದ್ದು ಎಲ್ಲಿ ಹೋಯ್ತು?" ಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಇದೊಂದನ್ನೇ ಕೇಳಿದೆ, ಬಾಕಿಯದೆಲ್ಲ ಪುಸ್ತಕದಲ್ಲೇ ಇತ್ತು ಅನ್ನುತ್ತಿದ್ದರು. ಒಂದು ಸಲ ನಮ್ಮ ಬಡಾವಣೆಯ ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋದಾಗ ನನ್ನನ್ನು ಕೈ ಹಿಡಿದು ಅದರ ಹಿಂದಕ್ಕೆ ಕರೆದುಕೊಂಡು ಹೋದರು. ಗೋಡೆಯಿಂದ ಒಂದು ನೀಲಿ ಪೈಪು ಚಾಚಿಕೊಂಡಿತ್ತು. ಅದರಿಂದ ಸಣ್ಣಗೆ ನೀರು ಚರಂಡಿಗೆ ಬೀಳುತ್ತಿತ್ತು.

"ಮುಂದೆ ಸಿಹಿನೀರು ಹಿಡೀತೀವಿ. ಆ ನೀರಲ್ಲಿದ್ದ ಕೆಟ್ಟದ್ದೆಲ್ಲ ಹಿಂದೆ ಹೀಗೆ ಹೋಗುತ್ತೆ, ಇನ್ನೂ ದಪ್ಪಗಾಗಿ. ಎಲ್ಲಿಗೆ ಹೋಗುತ್ತೆ?"

"ಚರಂಡಿಗೆ ಮಿಸ್."

"ಚರಂಡಿ ಎಲ್ಲಿಗೆ ಹೋಗುತ್ತೆ?"

ನಾನು ಬಗ್ಗಿ ನೋಡಿದೆ. ಪೈಪಿನ ಕೆಳಗೆ ನೆಲ ಬೆಳ್ಳಗಿತ್ತು. ಅದರ ಮೇಲೆ ಮೇಕೆಯ ಗೊರಸಿನ ಗುರುತು.

ಘಟಕ ತಿಂಗಳಲ್ಲಿ ಹತ್ತು ದಿನ ಕೆಟ್ಟಿರುತ್ತಿತ್ತು. ಕರೆಂಟಿಲ್ಲ ಅಥವಾ ಫಿಲ್ಟರ್ ಬಂದಿಲ್ಲ. ಆ ದಿನಗಳಲ್ಲಿ ನಾವೆಲ್ಲ ಮತ್ತೆ ಬೋರಿನ ನೀರಿಗೇ. ಎದುರು ಮನೆಯ ಎರಡನೇ ಕ್ಲಾಸಿನ ಹುಡುಗಿ ಒಂದು ದಿನ ಗೇಟಿನಲ್ಲಿ ನಿಂತು ಮಿಸ್‌ಗೆ ಹಲ್ಲು ತೋರಿಸಿತು, ಹೊಸ ಹಲ್ಲು ಬಂದಿದೆ ಅಂತ. ಮಿಸ್ ಕನ್ನಡಕ ಹಾಕಿಕೊಂಡು ನೋಡಿದರು. ಹೊಸ ಹಲ್ಲಿನ ಮೇಲೆ ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕೆಗಳು. ಆ ದಿನ ಅವರು ಊಟ ಮಾಡಲಿಲ್ಲ. ಮರುದಿನದಿಂದ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರತೊಡಗಿದರು.

ಅವರು ನೋಡುತ್ತಿದ್ದದ್ದು ಬಟ್ಟೆ ಒಗೆಯುವ ಕಲ್ಲನ್ನು. ಅದರ ತಗ್ಗಿನಲ್ಲಿ ನಿಂತ ಬೋರಿನ ನೀರು ಬಿಸಿಲಿಗೆ ಆರುತ್ತಿತ್ತು, ಆರಿದ ಮೇಲೆ ಉಪ್ಪು ನಡುವೆ ಕೂರದೆ ಅಂಚಿನಲ್ಲಿ ಬಳೆಯ ಹಾಗೆ ಕೂರುತ್ತಿತ್ತು. ಬೇಲಿಯ ಮೇಲೆ ಒಣಗಿದ ತುಪ್ಪದ ಹೀರೆಕಾಯಿಯ ನಾರನ್ನು ತಂದು ಬಕೆಟ್ಟಿನಲ್ಲಿ ನಿಲ್ಲಿಸಿದರೆ ನೀರು ತಾನಾಗಿ ಮೇಲೇರುತ್ತಿತ್ತು. ಮಳೆ ಬಂದ ವಾರ ಬೆಟ್ಟದ ಬುಡದ ಹುತ್ತದ ಮೇಲೆ ಅಣಬೆ ಎದ್ದಿತ್ತು. ಅದೊಂದನ್ನು ಬೇರುಸಹಿತ ತರಿಸಿ, ತಲೆಕೆಳಗು ಮಾಡಿ, ಕೊಡೆಯ ಕೆಳಗಿನ ಗೆರೆಗಳನ್ನು ಬೆರಳಿನಿಂದ ಎಣಿಸಿದರು.

"ಕಾಂಡ ಕುಡಿಯುತ್ತೆ, ಕೊಡೆ ಆವಿ ಬಿಡುತ್ತೆ. ಇದಕ್ಕೆ ಪಂಪಿದೆಯಾ? ಕರೆಂಟ್ ಬಿಲ್ ಬರುತ್ತಾ?" ಅಂತ ನನ್ನನ್ನು ಕೇಳಿದರು.

ಹಾಗೆ ಹುಟ್ಟಿದ್ದು ಅಣಬೆ ಪೆಟ್ಟಿಗೆ. ಒಂದು ತಟ್ಟೆಯಲ್ಲಿ ಬೋರಿನ ನೀರು. ಅದರಲ್ಲಿ ನಿಂತ ಹೀರೆನಾರಿನ ಕಾಂಡಗಳು. ಮೇಲೆ ಕರಿ ಕಂಬಳಿಯ ಕೊಡೆ. ಎಲ್ಲದರ ಮೇಲೆ ಓರೆಯಾಗಿ ಗಾಜು. ಬಿಸಿಲಿಗೆ ಕಂಬಳಿ ಕಾದು ಆವಿ ಬಿಡುತ್ತಿತ್ತು, ಆವಿ ಗಾಜಿಗೆ ತಾಗಿ ಹನಿಯಾಗಿ ಜಾರಿ ಕೆಳಗಿನ ಕೊಳವೆಗೆ ಇಳಿಯುತ್ತಿತ್ತು. ಉಪ್ಪು ಒಗೆಯುವ ಕಲ್ಲಿನ ಮೇಲಿನ ಹಾಗೇ ಕೊಡೆಯ ಅಂಚಿಗೆ ಹೋಗಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಕೆಳಗಿನ ತಗಡಿನ ಮೇಲೆ ಉದುರುತ್ತಿತ್ತು. ಕಂಬಳಿಯಲ್ಲಿ ಉಪ್ಪು ಕಟ್ಟಿಕೊಳ್ಳುತ್ತಿರಲಿಲ್ಲ, ತೊಳೆಯುವ ಕೆಲಸವಿಲ್ಲ.

ಕಂಬಳಿ ಕೊಟ್ಟವನು ಈರಣ್ಣ. ಮಿಡಿಗೇಶಿ ಕಡೆಯವನು, ಹತ್ತು ಹನ್ನೆರಡು ಕುರಿ ಇಟ್ಟುಕೊಂಡು ನಮ್ಮ ಬೀದಿಯ ಹಿಂದಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದ. ಅವನ ಹಳೆಯ ಕಂಬಳಿಯ ತುಂಡಿಗೆ ಮಿಸ್ ನೀರು ಹನಿಸಿದರೆ ಹನಿ ಉರುಳಿ ಕೆಳಕ್ಕೆ ಬಿತ್ತು. ಹುಣಸೆಬೀಜದ ಗಂಜಿ ಹಾಕಿ ನೇಯ್ದದ್ದು ನೀರು ಕುಡಿಯುವುದೆಂತು?

ಈರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲ ಕಣಮ್ಮೋರೆ, ನೀರು ಕುಡಿಯೋ ಕಂಬ್ಳಿ ಹೊದ್ಕಂಡ್ರೆ ನಾವು ಮಳೇಲಿ ಬದುಕ್ದಂಗೇ. ನೀವು ಟೀಚರಾಗಿ ಇಷ್ಟೂ ಗೊತ್ತಿಲ್ವಾ?"

"ನಿಂಗೆ ಕುಡೀದೆ ಇರೋದು ಬೇಕು, ನಂಗೆ ಕುಡಿಯೋದು ಬೇಕು" ಅಂದರು ಮಿಸ್. ಅಂಟುವಾಳಕಾಯಿ, ಸೋಡಾ ಹಾಕಿ ಮೂರು ದಿನ ಕುದಿಸಿದರು. ನಾಲ್ಕನೇ ದಿನ ಕಂಬಳಿ ಕುಡಿಯಿತು.

ಮೊದಲ ನೀರನ್ನು ಅವರು ಲೋಟದಲ್ಲಿ ಕೊಡಲಿಲ್ಲ. ಒಂದು ಪಾತ್ರೆ ನೀರು, ಒಂದು ಹಿಡಿ ತೊಗರಿಬೇಳೆ ನನ್ನ ಕೈಗೆ ಕೊಟ್ಟು, "ಪರೀಕ್ಷೆ ನಿನ್ನದು" ಅಂದರು. ಬೋರಿನ ನೀರಿನಲ್ಲಿ ಎಷ್ಟು ವಿಷಲ್ ಕೂಗಿಸಿದರೂ ಬೇಳೆ ಕಾಳುಕಾಳೇ ಇರುವುದು ಈ ಕಡೆಯ ಹೆಂಗಸರಿಗೆಲ್ಲ ಗೊತ್ತು. ಅವತ್ತು ಕುಕ್ಕರ್ ಮುಚ್ಚಳ ತೆಗೆದರೆ ಬೇಳೆ ಬೆಣ್ಣೆಯ ಹಾಗೆ ಕರಗಿತ್ತು. ಕಾಂಪೌಂಡಿನ ಆಚೆ ಕಾದು ನಿಂತಿದ್ದ ಅವರಿಗೆ ಸೌಟಿನಲ್ಲಿ ತೋರಿಸಿದೆ. ಅವರು ಸೆರಗು ಬಾಯಿಗೆ ತಂದುಕೊಂಡು ಬಹಳ ಹೊತ್ತು ನಕ್ಕರು.

ವರ್ಷದೊಳಗೆ ಎಂಟು ಮನೆಯ ತಾರಸಿಯ ಮೇಲೆ ಎರಡೆರಡು ಪೆಟ್ಟಿಗೆ ಬಂತು. ಕುಡಿಯಲು, ಬೇಳೆಗೆ ಸಾಕಾಗುವಷ್ಟು ನೀರು. ತಗಡಿನ ಮೇಲೆ ಉಳಿಯುವುದನ್ನು ಮಾತ್ರ ಯಾರೂ ಎಲ್ಲೂ ಚೆಲ್ಲಕೂಡದು ಎಂದು ಮಿಸ್ ಕಟ್ಟುನಿಟ್ಟು ಮಾಡಿದ್ದರು. ಅದರಲ್ಲಿ ಫ್ಲೋರೈಡೂ ಸೇರಿಕೊಂಡು ಕೂತಿರುತ್ತೆ, ನಾಲಿಗೆಗೂ ಇಡಬೇಡಿ ಅಂತ ಪ್ರತಿ ಮನೆಗೆ ಹೋಗಿ ಹೇಳಿದರು. ತಮ್ಮ ಹಿತ್ತಲಲ್ಲಿ ಆಳವಾದ ಗುಂಡಿ ತೋಡಿಸಿ, ಒಳಗೆ ಗಾರೆ ಮಾಡಿಸಿ, ಮೇಲೆ ಚಪ್ಪಡಿ ಮುಚ್ಚಿಸಿದರು. "ಆ ಘಟಕದವರದು ಎಲ್ಲಿ ಹೋಯ್ತು ಅಂತ ಕಾಣಲ್ಲ ಅಮ್ಮಾಯಿ. ನಮ್ಮದು ಕಾಣುತ್ತೆ. ಇಲ್ಲೇ ಇರುತ್ತೆ." ಆ ಗುಂಡಿಯ ಬಗ್ಗೆ ಅವರಿಗೆ ಪೆಟ್ಟಿಗೆಗಿಂತ ಹೆಚ್ಚು ಹೆಮ್ಮೆ ಇತ್ತು.

ಉಪ್ಪು ಕೂಡಿಸಿ ತರುವ ಕೆಲಸ ಹನುಮಕ್ಕನದು. ಮಿಸ್ ಮನೆಗೂ ನಮ್ಮ ಮನೆಗೂ ಪಾತ್ರೆ ತೊಳೆಯಲು ಬರುವವಳು. ಶನಿವಾರ ಶನಿವಾರ ಎಂಟು ಮನೆ ಹತ್ತಿ ಇಳಿದು, ತಗಡಿನ ಮೇಲಿನದನ್ನು ತೆಂಗಿನ ಚಿಪ್ಪಿನಿಂದ ಕೆರೆದು ಮಡಕೆಗೆ ತುಂಬುತ್ತಿದ್ದಳು. ಒಂದು ಹರಳು ಕೆಳಗೆ ಬಿದ್ದರೂ ಬೆರಳ ತುದಿ ಒದ್ದೆ ಮಾಡಿ ಎತ್ತಿಕೊಳ್ಳುತ್ತಿದ್ದಳು. ಎಷ್ಟು ಅಚ್ಚುಕಟ್ಟು ಅಂತ ನಾನು ನೋಡುತ್ತ ನಿಲ್ಲುತ್ತಿದ್ದೆ.

"ಗುಂಡಿಗೆ ಹಾಕಿದ್ಯಾ ಹನುಮಕ್ಕಾ?" ಮಿಸ್ ಪ್ರತಿ ಶನಿವಾರ ಜಗಲಿಯಿಂದ ಕೇಳುತ್ತಿದ್ದರು.

"ಅದ್ರ ಜಾಗುಕ್ಕೆ ಅದುನ್ನ ಹಾಕಿದ್ದೀನಿ ಕಣಮ್ಮ."

ಚಪ್ಪಡಿ ಸರಿಸಿ ಬಗ್ಗಿ ನೋಡಲು ಮಿಸ್‌ಗೆ ಆಗುತ್ತಿರಲಿಲ್ಲ. ನನಗೆ ಆಗುತ್ತಿತ್ತು.

ನಾನು ನೋಡಿದ್ದೆಲ್ಲವನ್ನೂ ಇಲ್ಲಿ ಬರೆದುಬಿಡಬೇಕು. ಹನುಮಕ್ಕ ಮಡಕೆ ಸೊಂಟಕ್ಕಿಟ್ಟುಕೊಂಡು ಹಿತ್ತಲ ಬಾಗಿಲಿನಿಂದ ಬಯಲಿನ ಕಡೆ ಹೋಗುವುದನ್ನು ನೋಡಿದ್ದೆ. ಬಯಲಿನಲ್ಲಿ ಈರಣ್ಣನ ಗುಡಿಸಲ ಮುಂದೆ ಸಾಲಾಗಿ ಇಟ್ಟ ಚಪ್ಪಟೆ ಕಲ್ಲುಗಳನ್ನು, ಪ್ರತಿಯೊಂದರ ನಡುವೆ ನೆಕ್ಕಿ ಸವೆದ ಹಾಗೆ ನುಣ್ಣಗೆ ತಗ್ಗು ಬಿದ್ದುದನ್ನು ನೋಡಿದ್ದೆ. ಮೂರನೇ ವರ್ಷದ ಬೇಸಿಗೆಯಲ್ಲಿ ಬಟ್ಟೆ ಒಣಹಾಕುವಾಗ ಅವನ ಒಂದು ಕುರಿ ಮುಂಗಾಲು ಮಡಚಿ, ಮಂಡಿಯ ಮೇಲೆ ನಿಂತು ಹುಲ್ಲು ಮೇಯುವುದನ್ನೂ ನೋಡಿದ್ದೆ. ನಮ್ಮ ಕಾನ್ವೆಂಟಿನ ಚಾಪೆಲ್‌ನಲ್ಲಿ ಬೆಳಗಿನ ಪ್ರಾರ್ಥನೆಗೆ ಸಿಸ್ಟರ್‌ಗಳು ಮಂಡಿಯೂರುತ್ತಿದ್ದದ್ದು ನೆನಪಾಯಿತು. ಎಷ್ಟು ಚೆಂದ ಅನ್ನಿಸಿತು. ಮುಂದಿನ ವಾರ ಮೂರು ಕುರಿ ಹಾಗೆ ಮೇಯುತ್ತಿದ್ದವು. ಆಗಲೂ ನಾನು ಯಾರಿಗೂ ಏನೂ ಹೇಳಲಿಲ್ಲ.

ಹೇಳಿದವನು ಈರಣ್ಣನೇ. ಒಂದು ಬೆಳಿಗ್ಗೆ ಹೊಸ ಕೊಡೆಗಳಿಗೆ ಅಂತ ಕಂಬಳಿಯ ತುಂಡು ತಂದಿದ್ದ. ಮಿಸ್, ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಹನುಮಕ್ಕ ಅಂಗಳದಲ್ಲಿ ಪಾತ್ರೆ ಉಜ್ಜುತ್ತಿದ್ದಳು.

"ಯಾಕೋ ಈರಣ್ಣ, ಮುಖ ಸಪ್ಪಗಿದೆ?"

"ಕುರಿ ನೆಲ ಹಿಡೀತಾವೆ ಕಣಮ್ಮೋರೆ. ಮಂಡೀಲೇ ಮೇಯ್ತವೆ. ಎರಡು ಏಳ್ತಾನೇ ಇಲ್ಲ, ಹುಲ್ಲ ಬಾಯಿಗಿಟ್ರೂ ಅಗಿಯಾಕಾಗ್ದೆ ಬುಟ್ಬುಡ್ತವೆ. ನೀವು ಇಷ್ಟು ವರ್ಸದಿಂದ ಅಂಥಾ ಹೂವಿನಂಥ ಉಪ್ಪ ಕಳುಸ್ತಿದ್ದೀರ, ಅದ ತಿಂದೂ ಮೈ ಹಿಡೀತಿಲ್ಲ ಅಂದ್ರೆ ಯಾವುದೋ ಕಣ್ಣು ಬಿದ್ದೈತೆ."

ಮಿಸ್ ಲೋಟ ಕೆಳಗಿಟ್ಟರು. ಅದು ತಟ್ಟೆಗೆ ತಾಗಿದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

"ಯಾವ ಉಪ್ಪು?"

ಅಂಗಳದಲ್ಲಿ ಪಾತ್ರೆ ಉಜ್ಜುವ ಸದ್ದು ನಿಂತಿತ್ತು. ಮಿಸ್ ಎದ್ದು, ಪಾದಗಳನ್ನು ಚೂರುಚೂರೇ ಸರಿಸುತ್ತ, ಹನುಮಕ್ಕನ ಕಡೆ ತಿರುಗಿದರು. ಅಷ್ಟು ತಿರುಗಲು ಅವರಿಗೆ ಎಷ್ಟು ಹೊತ್ತು ಹಿಡಿಯಿತು!

"ಉಪ್ಪು ಕಣಮ್ಮ ಅದು" ಅಂದಳು ಹನುಮಕ್ಕ, ಬೂದಿಯ ಕೈಯನ್ನು ಮುಂದಕ್ಕೆ ಹಿಡಿದುಕೊಂಡೇ. "ಲಕ್ಸ್ಮಿ. ಅದನ್ನ ಗುಂಡಿಗಾಕಿ ಮೇಲೆ ಚಪ್ಪಡಿ ಎಳುದ್ರೆ ನಾಳಿಕೆ ಅದ್ರ ಮೇಲೆ ಎಲ್ರೂ ತುಳ್ಕಂಡು ಓಡಾಡ್ತಾರೆ. ಉಪ್ಪ ತುಳುದ್ರೆ ಮನೆ ಉಳೀತದಾ? ನೀವು ನಮ್ಮ ಬಾಯಿಗಿಡಬ್ಯಾಡ ಅಂದ್ರಿ, ನಾವಿಡ್ಲಿಲ್ಲ. ಕುರಿಗೇನಮ್ಮ? ಕುರಿಗೆ ಉಪ್ಪ ಇಕ್ಕಿದ್ರೆ ಪುಣ್ಯ ಅಂತ ಕೊಟ್ಟೆ. ನಿಮ್ಮೆಸ್ರಲ್ಲೇ ಕೊಟ್ಟೆ."

ಈರಣ್ಣ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ಟೀಚರಮ್ಮ ಉಪ್ಪು ಕಳಿಸುತ್ತಾರೆ ಅಂತ ಅವನು ಕಂಬಳಿ ತಂದುಕೊಡುತ್ತಿದ್ದ. ಅವನು ಪ್ರೀತಿಗೆ ಕಂಬಳಿ ಕೊಡುತ್ತಾನೆ ಅಂತ ಮಿಸ್ ತಿಳಿದಿದ್ದರು. ಮೂರು ವರ್ಷ ಹೀಗೇ ನಡೆದಿತ್ತು. ಅವನ ಕುರಿಯ ಉಣ್ಣೆ ನಮ್ಮ ತಾರಸಿಯ ಮೇಲೆ ಉಪ್ಪು ಬಿಡುತ್ತಿತ್ತು, ಆ ಉಪ್ಪು ಅವನ ಕುರಿಗೇ ಹೋಗುತ್ತಿತ್ತು.

ಮಿಸ್ ಚಪ್ಪಲಿ ಹಾಕಿಕೊಳ್ಳದೆ ಬಯಲಿಗೆ ಹೊರಟರು. ನಾನು ತೋಳು ಹಿಡಿದುಕೊಂಡೆ. ಮಂಡಿಯೂರಿದ್ದ ಒಂದು ಹೆಣ್ಣು ಕುರಿಯ ಮುಂದೆ ನಿಂತು, "ಬಾಯಿ ತೆಗೆಸಪ್ಪ" ಅಂದರು. ಈರಣ್ಣ ಅದರ ತುಟಿ ಎತ್ತಿ ಹಿಡಿದ. ಸವೆದು ಮೊಂಡಾದ ಹಲ್ಲುಗಳು. ಅವುಗಳ ಅಡ್ಡಕ್ಕೆ ಕಂದು ಗೆರೆ.

ಆಗ ಮಿಸ್ ಮಾಡಿದ್ದನ್ನು ಬರೆಯುವುದಕ್ಕೇ ನಾನು ಈ ಕಾಗದ ಹಿಡಿದದ್ದು. ಅವರ ಕೈ ಅಭ್ಯಾಸದಂತೆ ಸೆರಗಿನ ಅಂಚನ್ನು ಬಾಯಿಗೆ ತಂದಿತ್ತು. ಅದನ್ನು ಕೆಳಗೆ ಬಿಟ್ಟರು. ಈರಣ್ಣನ ಎದುರು, ಆ ಬಿಸಿಲಿನಲ್ಲಿ, ಎರಡು ಬೆರಳಿನಿಂದ ತಮ್ಮ ಮೇಲ್ದುಟಿಯನ್ನು ಎತ್ತಿ ಹಿಡಿದು ಹಲ್ಲು ತೋರಿಸಿದರು.

"ನೋಡಪ್ಪ. ಎರಡೂ ಒಂದೇ. ನಾನು ಕೊಟ್ಟದ್ದು."

ಈರಣ್ಣ ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವನು ಅವರ ಹಲ್ಲನ್ನೂ ಕುರಿಯ ಹಲ್ಲನ್ನೂ ನೋಡಿ, ಕುರಿಯ ತುಟಿ ಬಿಟ್ಟ. "ನೀವು ಕೊಡ್ಲಿಲ್ಲ ಬುಡಿ ಅಮ್ಮೋರೆ. ನಾನು ಬೇಕು ಅಂತ ಈಸ್ಕಂಡೆ" ಅಂದ. ಕುರಿಯ ಬೆನ್ನು ಸವರುತ್ತ, "ಈಗ ಆ ಉಪ್ಪ ಎಲ್ಲಿಗಾಕ್ತೀರ?" ಅಂತ ಕೇಳಿದ.

ಮೂವತ್ತು ವರ್ಷ ಮಿಸ್ ಇನ್ನೊಬ್ಬರನ್ನು ಕೇಳಿದ ಪ್ರಶ್ನೆ ಅದು.

ದನದ ಡಾಕ್ಟರು ಬಂದು ನೋಡಿ, ಈ ಕಡೆ ಬೋರಿನ ನೀರಿಗೇ ಹೀಗಾಗುವುದುಂಟು, ಉಪ್ಪಿನಿಂದಲೇ ಅಂತ ಹೇಳಲಾಗುವುದಿಲ್ಲ, ಉಪ್ಪೂ ಸೇರಿರಬಹುದು ಅಂದರು. ನಾವೆಲ್ಲ ಅದನ್ನು ಹಿಡಿದುಕೊಂಡು ಅವರಿಗೆ ಸಮಾಧಾನ ಹೇಳಿದೆವು. "ಸೇರಿರಬಹುದು ಅಂದ್ರಲ್ಲ" ಅಂತಷ್ಟೇ ಮಿಸ್ ಅನ್ನುತ್ತಿದ್ದರು. ಆ ಮಳೆಗಾಲದೊಳಗೆ ಈರಣ್ಣನ ಐದು ಕುರಿ ಹೋದವು. ಪ್ರತಿಯೊಂದು ಹೋದಾಗಲೂ ಅವನು ಬಂದು ಗೇಟಿನಾಚೆ ನಿಂತು ಒಂದು ಮಾತು ಹೇಳಿ ಹೋಗುತ್ತಿದ್ದ. ಮನೆಯವರಿಗೆ ಹೇಳುವ ಹಾಗೆ. ಮಿಸ್ ಪ್ರತಿ ಸಲವೂ ಎದ್ದು ನಿಂತು ಕೇಳಿಸಿಕೊಂಡರು.

ಪೆಟ್ಟಿಗೆಗಳನ್ನು ಇಳಿಸಿಬಿಡಿ ಅಂತ ಅವರು ಎಂಟು ಮನೆಗೂ ಹೋಗಿ ಹೇಳಿದರು. ಒಬ್ಬರೂ ಒಪ್ಪಲಿಲ್ಲ. ಎದುರು ಮನೆಯ ಹುಡುಗಿಯ ತಾಯಿ, "ಕುರಿಗಾಗಿ ನನ್ನ ಮಗಳಿಗೆ ಮತ್ತೆ ಆ ನೀರು ಕುಡಿಸಲಾ ಟೀಚರಮ್ಮ?" ಅಂದಳು. ಮಿಸ್ ಮೆಟ್ಟಿಲಿಳಿದು ಬಂದರು. ಉಪ್ಪು ಉದುರುತ್ತಲೇ ಇತ್ತು.

ಗುಂಡಿಯನ್ನೂ ಈಗ ಅವರು ನಂಬಲಿಲ್ಲ. ಗಾರೆ ಬಿರಿದರೆ ಬೋರಿಗೇ ಇಳಿಯುತ್ತದೆ ಅಂದರು. ಶನಿವಾರ ಶನಿವಾರ ತಾವೇ ಕೋಲೂರಿಕೊಂಡು ಮನೆಮನೆಯ ಗೇಟಿಗೆ ಹೋಗಿ, ಹನುಮಕ್ಕ ಮೇಲಿಂದ ತಂದುಕೊಟ್ಟದ್ದನ್ನು ಎಣಿಸಿದ ಹಾಗೆ ತೆಗೆದುಕೊಂಡು ಬಂದು ಉಪ್ಪಿನಕಾಯಿ ಭರಣಿಗಳಿಗೆ ತುಂಬಿದರು. ಭರಣಿ ಮುಗಿದ ಮೇಲೆ ಗಾಜಿನ ಬಾಟಲಿ, ಆಮೇಲೆ ಪ್ಲಾಸ್ಟಿಕ್ ಡಬ್ಬ. ಎಲ್ಲದರ ಮೇಲೂ ಚೀಟಿ ಅಂಟಿಸಿ, ತಮ್ಮ ದುಂಡಗಿನ ಅಕ್ಷರದಲ್ಲಿ ಒಂದೇ ಮಾತು: "ಉಳಿದದ್ದು." ಮಲಗುವ ಕೋಣೆಯ ಮೂರು ಗೋಡೆ ಅವುಗಳಿಂದ ತುಂಬಿದವು. ಕೊನೆಕೊನೆಗೆ ಅವರು ಜಗಲಿಯಲ್ಲೇ ಮಲಗುತ್ತಿದ್ದರು. ಒಳಗೆ ಜಾಗವಿರಲಿಲ್ಲ. ಎಲ್ಲೆಲ್ಲಿಗೋ ಕಾಗದ ಬರೆದರು, ಇದನ್ನು ಏನು ಮಾಡಬೇಕು ಅಂತ. ಪೆಟ್ಟಿಗೆ ಬಹಳ ಚೆನ್ನಾಗಿದೆ, ಅಭಿನಂದನೆ ಅಂತ ಎರಡು ಉತ್ತರ ಬಂದವು.

ಅವರು ಹೋಗಿ ಈ ಚಳಿಗಾಲಕ್ಕೆ ಎರಡು ವರ್ಷ. ತಾಯಿಯ ಹಾಗೆ ಅವರ ಮೈಯೂ ನೇರವಾಗಲಿಲ್ಲ. ಪಾವಗಡದಿಂದ ಬಂದ ನೆಂಟರು ಮನೆ ಖಾಲಿ ಮಾಡಿ ಬೀಗದ ಕೈ ಮಾಲೀಕರಿಗೆ ಕೊಡಬೇಕಿತ್ತು. ಕೋಣೆಯ ಬಾಗಿಲಲ್ಲಿ ನಿಂತು, "ಏಮ್ಮಾ ಇದೆಲ್ಲ? ಉಪ್ಪಾ? ಚರಂಡಿಗೆ ಸುರಿದುಬಿಡ್ತೀವಿ" ಅಂದರು. ಹನುಮಕ್ಕ ನನ್ನ ಮುಖ ನೋಡಿದಳು. ನಾನು ಮೊದಲ ಸಲ ಬೇಡ ಅಂದೆ. ಬೇಡ ಅಂದ ಮೇಲೆ ಇಡಬೇಕಾದವಳೂ ನಾನೇ ಆದೆ. ಭರಣಿಗಳೆಲ್ಲ ನಮ್ಮ ಹಿತ್ತಲಿನ ಸೌದೆ ಕೋಣೆಗೆ ಬಂದವು. ಎಂಟು ಮನೆಯ ಪೆಟ್ಟಿಗೆಗಳು ಇನ್ನೂ ಇವೆ. ಎದುರು ಮನೆಯ ಹುಡುಗಿಯ ಆಮೇಲೆ ಬಂದ ಹಲ್ಲುಗಳು ಮಲ್ಲಿಗೆ ಮೊಗ್ಗಿನ ಹಾಗಿವೆ. ಶನಿವಾರ ಹನುಮಕ್ಕ ಮಡಕೆಯನ್ನು ಈಗ ನನ್ನ ಬಾಗಿಲಿಗೆ ತರುತ್ತಾಳೆ. ಚೀಟಿಯ ಮೇಲೆ ನಾನು ಅದೇ ಮಾತು ಬರೆಯುತ್ತೇನೆ.

ಹೋದ ವಾರ ಸೌದೆ ಕೋಣೆಯಲ್ಲಿ ಒಂದು ಭರಣಿ ಬಿರಿದಿದ್ದನ್ನು ಕಂಡೆ. ಬಿರುಕಿನಿಂದ ಇಳಿದದ್ದು ನೆಲ ಹಿಡಿದು, ಗೋಡೆಯ ಬುಡದಲ್ಲಿ ಗೇಣುದ್ದ ಬೆಳ್ಳಗೆ ಅರಳಿತ್ತು. ಉಗುರಿನಿಂದ ಕೆರೆದೆ. ಸುಣ್ಣದ ಹಾಗೆ ಉದುರಿತು. ಮರುದಿನ ಮತ್ತೆ ಅಷ್ಟೇ ಎತ್ತರ.

ನಿನ್ನೆ ಸಂಜೆ ಆ ಗೋಡೆಯ ಹೊರಗಡೆಯಿಂದ ಯಾರೋ ಒರಟು ಬಟ್ಟೆಯಲ್ಲಿ ಒಂದೇ ಸಮ ಉಜ್ಜುವಂಥ ಸದ್ದು ಬರುತ್ತಿತ್ತು. ಹಿತ್ತಲ ಬಾಗಿಲು ತೆಗೆದು ಸುತ್ತಿ ಬಂದು ನೋಡಿದೆ. ಈರಣ್ಣನಿಗೆ ಉಳಿದಿರುವ ಕುರಿಗಳಲ್ಲಿ ಎಲ್ಲಕ್ಕಿಂತ ಹಳೆಯದು, ಮುಂಗಾಲು ಮಡಚಿ ಮಂಡಿಯೂರಿ, ನಮ್ಮ ಗೋಡೆಯ ಹೊರಮೈಗೂ ಹಾಯ್ದಿದ್ದ ಬಿಳುಪನ್ನು ನೆಕ್ಕುತ್ತಿತ್ತು. ಅದು ನೆಕ್ಕಿದ ಕಡೆ ಇಟ್ಟಿಗೆ ಕೆಂಪಗೆ ತೇವವಾಗಿ ಹೊಳೆಯುತ್ತಿತ್ತು.

ನಾನು ಚಪ್ಪಾಳೆ ತಟ್ಟಿ, ಹೋಗು ಅಂತ ಕೂಗಿದೆ. ಅದು ಮೆಲ್ಲಗೆ ಎದ್ದಿತು. ಕತ್ತು ಹೊರಳಲಿಲ್ಲ. ಕಾಲುಗಳನ್ನು ಚೂರುಚೂರೇ ಸರಿಸುತ್ತ ಇಡೀ ಮೈಯನ್ನು ತಿರುಗಿಸಿ ನನ್ನನ್ನು ನೋಡಿತು. ಸ್ವಲ್ಪ ಹೊತ್ತು ನೋಡಿ, ಹಾಗೇ ಚೂರುಚೂರೇ ಮತ್ತೆ ಗೋಡೆಯ ಕಡೆಗೆ ತಿರುಗಿತು.